ಹುಣಸೆಹಣ್ಣು ಹಚ್ಚಿ ತೊಳೆದ ಗಿಟಾರು

ಭೀಮಾಬಾಯಿಯವರ ಕೈಗೆ ಸಿಕ್ಕ ಹಿತ್ತಾಳೆ ಹೊಳೆಯದೆ ಬಿಡುಗಡೆ ಪಡೆದದ್ದೇ ಇಲ್ಲ. ನೀರು ತುಂಬುವ ಹಬ್ಬದ ದಿನ ಬೆಳಗ್ಗೆ ಅವರು ಹಂಡೆ, ಕೊಡ, ತಂಬಿಗೆಗಳನ್ನೆಲ್ಲ ಹಿತ್ತಲಿಗೆ ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುದಿಯುವ ನೀರು ಸುರಿದು ಬಿಸಿಲಿಗೆ ಬೋರಲು ಹಾಕಿದರು. ಆ ಸಾಲಿನ ಕೊನೆಗೆ ಒಂದು ಗಿಟಾರೂ ಬೋರಲು ಬಿದ್ದಿತ್ತು.

ಗಿಟಾರು ಅವರ ಭಾವನ ಮಗ ಜಯತೀರ್ಥನದು. ಗಜೇಂದ್ರಗಡದ ಪೇಟೆಯಲ್ಲಿ ಅವನ ಕಾಕಾ, ಅಂದರೆ ಭೀಮಾಬಾಯಿಯವರ ಗಂಡ ವೆಂಕಟೇಶರಾಯರ ಪಾತ್ರೆ-ಭಾಂಡೆ ಅಂಗಡಿ. ಮಧ್ಯಾಹ್ನದವರೆಗೆ ಅಲ್ಲಿ ತಕ್ಕಡಿ ಹಿಡಿಯುವುದು ಜಯತೀರ್ಥನ ಕೆಲಸ. ಆ ತಕ್ಕಡಿಯಿಂದ ಪಾರಾಗುವುದು ಅವನ ಜೀವನದ ಗುರಿ. ಅದಕ್ಕೆಂದೇ ಅವನು ನೆಗ್ಗಿದ ಎರಡು ಹಿತ್ತಾಳೆ ಪರಾತಗಳನ್ನು, ಅಂದರೆ ಅಗಲ ತಟ್ಟೆಗಳನ್ನು, ಎದುರುಬದುರು ಬೆಸೆದು, ಸಾಗವಾನಿ ಹಿಡಿಕೆ ಕೂಡಿಸಿ, ತಂತಿ ಬಿಗಿದು ವಿದ್ಯುತ್ ಗಿಟಾರು ಮಾಡಿದ್ದ. ತಂತಿಗಳ ಕೆಳಗೊಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ, ಸುರುಳಿ ಅಲುಗಾಡದಂತೆ ಮೇಲೆಲ್ಲ ಮೇಣ. ಅಲ್ಲಿಂದ ಹೊರಟ ಎರಡು ವೈರುಗಳು ನಾದವನ್ನು ಲೌಡಸ್ಪೀಕರಿಗೆ ಮುಟ್ಟಿಸಬೇಕು. ರೋಣದಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯ ಮಾಲಕ ಅಂದಾನೆಪ್ಪನವರು ಅಂದು ಸಂಜೆಯೇ ಬಂದು ಕೇಳುವವರಿದ್ದರು. ಮೆಚ್ಚಿದರೆ ಕಂಪನಿಯಲ್ಲಿ ಕೆಲಸ, ಇಲ್ಲವಾದರೆ ತಕ್ಕಡಿ.

"ಕಾಕೂ, ಇದನ್ನ ಯಾಕ ತೊಳದ್ರಿ?" ಜಯತೀರ್ಥನಿಗೆ ಅಳುವೇ ಬಂದಿತ್ತು.

"ಹಿತ್ತಾಳಿ ಅಲ್ಲೇನೋ ಅದು? ಹಬ್ಬದ ದಿನ ಕಪ್ಪ ಹಿತ್ತಾಳಿ ಮನ್ಯಾಗ ಇರಬಾರದು. ಸಂದೀಗೊಂದಿಗೆಲ್ಲ ನಾರು ಹಾಕಿ ತಿಕ್ಕೀನಿ. ನೋಡು, ಮಾರಿ ಕಾಣತದ."

ಮುಖ ಕಾಣುತ್ತಿತ್ತು, ಸುಟ್ಟ ಬದನೆಕಾಯಿಯ ಹಾಗೆ. ಅದು ಜಯತೀರ್ಥನದೇ.

ಅವನು ಗಿಟಾರನ್ನು ಅಲುಗಾಡಿಸಿ ನೀರು ಬಸಿದು ಅಂಗಡಿಗೆ ಒಯ್ದ. ಅಲ್ಲಿ ಸುಭಾನಸಾಬ ತನ್ನ ಬಾಡಿಗೆಯ ಲೌಡಸ್ಪೀಕರ್ ಸೆಟ್ಟನ್ನು ಬ್ಯಾಟರಿಗೆ ಹಚ್ಚಿ, ಅದರ ತುತೂರಿಯನ್ನು ಮಾಳಿಗೆಯ ಮೇಲೆ ಕಟ್ಟಿ ಕೂತಿದ್ದ. ವೈರು ಕೂಡಿಸಿ ತಂತಿ ಮೀಟಿದರೆ ತುತೂರಿಗೆ ಜೀವವೇ ಇಲ್ಲ.

"ನನ್ನ ಸೆಟ್ ಚಲೋ ಐತ್ರಿ," ಸುಭಾನಸಾಬ ಮೊದಲೇ ಕೈ ತೊಳೆದುಕೊಂಡ. "ಮೊನ್ನೆ ಲಕ್ಕಲಕಟ್ಟಿ ಕುಸ್ತಿಗೆ ಹಚ್ಚಿದ್ದೆ, ಎಮ್ಮಿ ಹಗ್ಗ ಹರಕೊಂಡ ಹೋದ್ವು."

ಜಯತೀರ್ಥ ಹಿಂದಿನ ಮುಚ್ಚಳ ಬಿಚ್ಚಿದ. ನಾರಿನ ತಿಕ್ಕಾಟಕ್ಕೆ ವೈರಿನ ಮೇಲಿನ ನೂಲೆಲ್ಲ ಕಿತ್ತುಹೋಗಿ, ಬರಿ ತಾಮ್ರ ಹಿತ್ತಾಳೆಗೆ ಅಂಟಿಕೊಂಡಿತ್ತು. ನಾದ ಸೆಟ್ಟಿಗೆ ಮುಟ್ಟುವ ಮೊದಲೇ ಪರಾತದಲ್ಲಿ ಇಂಗಿಹೋಗುತ್ತಿತ್ತು. ಅವನು ಎರಡೂ ವೈರುಗಳನ್ನು ಬಿಡಿಸಿ, ಸುತ್ತಲು ರೇಷ್ಮೆ ಚಿಂದಿ ತರಲು ಒಳಗೆ ಹೋದ.

ಅಷ್ಟರಲ್ಲಿ ತಂಬಿಗೆ ಕೊಳ್ಳಲು ಬಂದಿದ್ದ ಪೋಸ್ಟಿನ ದತ್ತಾತ್ರೇಯ ಮುಂದೆ ಸರಿದ. ಅವನಿಗೆ ಟಪಾಲು ಕಚೇರಿಯಲ್ಲಿ ಟೆಲಿಗ್ರಾಂ ತಾರು ಕುಟ್ಟಿ ಅಭ್ಯಾಸ. ಬಿಚ್ಚಿದ ವೈರು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಜಯತೀರ್ಥ ಮರಳುವುದರೊಳಗೆ ಬೆಸುಗೆ ಮುಗಿದಿತ್ತು.

ಈಗ ಗಿಟಾರು ಮುಟ್ಟಿದರೆ ಸಾಕು, ತುತೂರಿ ಗುರ್ರೆಂದು ಪೇಟೆಯೆಲ್ಲ ನಡುಗುವಂತೆ ಒದರತೊಡಗಿತು. ಕೈ ತೆಗೆದರೆ ಸುಮ್ಮನಾಗುತ್ತಿತ್ತು.

"ನೋಡು, ಮುಟ್ಟಲಿಲ್ಲಂದ್ರ ಏನೂ ತ್ರಾಸಿಲ್ಲ," ಎಂದ ದತ್ತಾತ್ರೇಯ.

"ಮುಟ್ಟದ ಹ್ಯಾಂಗ ಬಾರಸ್ಲಿ ದತ್ತೂ?"

ಸದ್ದು ಕೇಳಿ ಬಂದ ಭೀಮಾಬಾಯಿಯವರಿಗೆ ಕಾರಣ ಕೂಡಲೇ ಹೊಳೆಯಿತು. "ನಾ ಮಡೀಲೆ ತೊಳದೀನಿ. ನೀವು ಕಂಡಾಪಟ್ಟಿ ಮೈಲಿಗಿ ಕೈಲೆ ಮುಟ್ಟಿದ್ರ ಒದರದ ಏನ ಮಾಡತದ? ಹೋಗಿ ಸ್ನಾನಾ ಮಾಡಿ ಬಾ."

ಜಯತೀರ್ಥ ಸ್ನಾನ ಮಾಡಿ ಬಂದ. ಕಾಕೂನ ಮಾತು ಮೀರುವಷ್ಟು ಧೈರ್ಯ ಅವನಿಗಿರಲಿಲ್ಲ. ಗಿಟಾರು ಮತ್ತೂ ಒದರಿತು. ಒದ್ದೆ ತಲೆಯಲ್ಲೇ ಮತ್ತೆ ಮುಚ್ಚಳ ಬಿಚ್ಚಿ ನೋಡಿದರೆ, ದತ್ತಾತ್ರೇಯ ವೈರುಗಳನ್ನು ಅದಲುಬದಲು ಮಾಡಿದ್ದ. ಭೂಮಿಗೆ, ಅಂದರೆ ಅರ್ಥಿಂಗಿಗೆ, ಹೋಗಬೇಕಾದ ಹಿತ್ತಾಳೆ ನಾದದ ವೈರಿಗೆ ಸೇರಿಕೊಂಡಿತ್ತು. ಬದಲಿಸಿ ಬೆಸೆದು ಮೀಟಿದಾಗ ತುತೂರಿಯಿಂದ ಜೇನಿನಂಥ ನಾದ ಇಳಿಯಿತು. ಜಯತೀರ್ಥನ ಕಣ್ಣು ತುಂಬಿದವು. ಸುರುಳಿಯ ಮೇಣವೆಲ್ಲ ಕುದಿನೀರಿಗೆ ಕರಗಿ ಹೋದದ್ದು ಅವನಿಗೆ ಕಂಡಿತಾದರೂ ಮತ್ತೆ ಹಚ್ಚಲು ಹೊತ್ತಿರಲಿಲ್ಲ. ರೋಣದ ಬಸ್ಸು ಬಂದಿತ್ತು. ಬ್ಯಾಟರಿ ಉಳಿಯಲೆಂದು ಸುಭಾನಸಾಬ ಸೆಟ್ಟನ್ನು ಬಂದ್ ಮಾಡಿದ.

ಅಂದಾನೆಪ್ಪನವರು ಅಂಗಡಿಯ ಮುಂದೆ ಕುರ್ಚಿಯ ತುಂಬ ಕೂತರು. ದೊಡ್ಡ ಹೊಟ್ಟೆ, ಅದಕ್ಕೆ ತಕ್ಕ ಕಪ್ಪು ಮೀಸೆ. ಪೇಟೆಯ ಮಂದಿಯೆಲ್ಲ ನೆರೆದಿತ್ತು. ಸೆಟ್ಟು ಚಾಲೂ ಆಯಿತು. ಜಯತೀರ್ಥ ಗಿಟಾರನ್ನು ಕಾಕಾ ಕೂತಿದ್ದ ಹಣದ ಗಲ್ಲೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿ ನುಡಿಸಿದ. ಅವನು ಅಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ. ಮುಗಿದಾಗ ಮಾಲಕರು ಚಹಾದ ಕಪ್ಪು ಹಿಡಿದು ತಲೆದೂಗುತ್ತಿದ್ದರು.

ಆಗ ಭೀಮಾಬಾಯಿ ಗಂಡನ ಚಹಾ ಇಡಲು ಗಲ್ಲೆಯ ಮೇಲೆ ಬಗ್ಗಿ, ಗಂಡನ ಕಿವಿಯಲ್ಲಿ ಮೆಲ್ಲಗೆ ಒಂದು ಮಾತು ಹೇಳಿದರು. ಅದನ್ನು ಮಾಳಿಗೆಯ ತುತೂರಿ ಇಡೀ ಗಜೇಂದ್ರಗಡಕ್ಕೆ ಹೇಳಿತು:

"ಮಾಲಕರು ಮೀಸಿಗೆ ಕಾಡಿಗಿ ಹಚ್ಯಾರ. ಕಪ್ಪಿಗೆ ಹತ್ತೀತಂತ ಹಳೇ ಕಪ್ಪಿನ್ಯಾಗ ಚಹಾ ಕೊಟ್ಟೀನಿ."

ಪೇಟೆ ಹೊಟ್ಟೆ ಹಿಡಿದು ನಕ್ಕಿತು. ಜಯತೀರ್ಥನ ಕಣ್ಣೆದುರು ತಕ್ಕಡಿ ತೂಗಾಡಿತು.

ಅಂದಾನೆಪ್ಪನವರು ಕಪ್ಪಿನ ಅಂಚು ನೋಡಿಕೊಂಡರು. ಮೆಲ್ಲಗೆ ಎದ್ದು ಬಂದು ಗಿಟಾರಿನ ಮೇಲೆ ಬಗ್ಗಿ, "ಯಾರವರು ಮಾತಾಡಿದ್ದು?" ಎಂದರು. ತುತೂರಿಯೂ ಹಾಗೆಯೇ ಕೇಳಿತು. ಸಿಟ್ಟಿನ ಮುಖ ನೋಡನೋಡುತ್ತ ಅರಳಿತು.

"ರಾಯರ, ಏನ ಮಾಡಿಟ್ಟೀರಿ ಇದನ್ನ! ನಮ್ಮ ಕಂಪನ್ಯಾಗ ಮೈಕ್ ಒಂದ ಐತಿ. ಬಾಣ ಬಡದು ಬಿದ್ದ ಪಾತ್ರದವ ಸುದ್ದಾ ಎದ್ದು ಬಂದು ಮೈಕಿನ ಮುಂದ ಸಾಯತಾನ್ರಿ. ಮಾತ ಹಿಡಿಯೋ ಇಂಥಾವು ನಾಕ ಮಾಡಿ ಕೊಡ್ರಿ."

"ಮತ್ತ... ನಾ ಬಾರಸಿದ್ದು?" ಎಂದ ಜಯತೀರ್ಥ.

"ಚಲೋ ಬಾರಸ್ತೀರಿ. ಆದರ ಬಾರಸಾವ್ರು ಎಲ್ಲೆಲ್ಲೂ ಸಿಗತಾರ, ಇಂಥಾದ್ದು ಮಾಡಾವ್ರು ಎಲ್ಲಿ ಸಿಗತಾರ್ರಿ? ನೀವು ಇಲ್ಲೇ ಕುಂತು ಮಾಡ್ರಿ."

"ಅಂವ ಎಲ್ಲೂ ಹೋಗಂಗಿಲ್ಲ," ವೆಂಕಟೇಶರಾಯರು ನಗುತ್ತ ಹೇಳಿದರು. "ಇನ್ನ ಮುಂದ ಮುಂಜಾನಿಂದ ಸಂಜೀತನಕ ಅಂಗಡ್ಯಾಗ ಇರತಾನ."

ಹಬ್ಬ ಮುಗಿಯಿತು. ಜಯತೀರ್ಥ ಪರಾತಗಳನ್ನು ಬೆಸೆದು ನಾಲ್ಕೂ ಸಿದ್ಧಪಡಿಸಿದ. ಮೇಣ ಕರಗಿ ಸಡಿಲಾದ ಸುರುಳಿಯೇ ಮಾತಿಗೂ ಅಲುಗಾಡಿ ಮೈಕಾಗಿತ್ತೆಂದು ಅವನಿಗೀಗ ಗೊತ್ತಿತ್ತು; ಒಂದೊಂದರ ಸುರುಳಿಗೂ ಬೇಕೆಂದೇ ಮೇಣವನ್ನು ಗಟ್ಟಿಯಾಗಿ ಮೆತ್ತಿದ. ಕಾಕಾ ಒಂದೊಂದಕ್ಕೂ ಬಾಯಿ ಹಚ್ಚಿ ಕೂಗಿದರು, ಸುಭಾನಸಾಬನೂ ಕೂಗಿದ. ಒಂದೂ ತುಟಿಪಿಟಕ್ಕೆನ್ನಲಿಲ್ಲ. ಮೈಕಿನ ವ್ಯವಹಾರ ಮುರಿದುಬಿತ್ತೆಂದು ಜಯತೀರ್ಥ ಒಳಗೊಳಗೇ ಹಿಗ್ಗುತ್ತ, ಗಿಟಾರು ಹೆಗಲಿಗೇರಿಸಿ ರೋಣದ ಬಸ್ಸು ಹಿಡಿಯುವ ಲೆಕ್ಕಾಚಾರದಲ್ಲಿದ್ದ.

ಆಗ ಹಿತ್ತಲಿನಿಂದ ಭೀಮಾಬಾಯಿಯವರ ದನಿ ಕೇಳಿತು.

"ತೊಳೀದ ಹ್ಯಾಂಗ ಮಾತಾಡ್ಯಾವೋ? ನೀರು ಕುದ್ದಾವ, ನಾಕೂ ತಗೊಂಡ ಬಾ."