ನನ್ನ ದಣಿವು ಬರಕೊಳ್ಳೋ ಪೆಟ್ಟಿಗಿ

ಲಾರಿ ಓಡಿಸೋರ ಬಾಳ್ವೆದಾಗ ನಗೋವಂಥ ಪ್ರಸಂಗ ಮೊದಲಿಂದಲೂ ಆಗ್ತಾವ್ರಿ. ಆದ್ರ ತೆಲಂಗಾಣ ರಾಜ್ಯ ಆದ ಮ್ಯಾಲ ಒಂದು ಹುಕುಂ ಬಂತು ನೋಡ್ರಿ, ಆವಾಗಿಂದ ವಾರಕ್ಕೊಂದು. ಸರಕಾರಿ ಅಕ್ಕಿ ಸಾಗಿಸೋ ಲಾರಿಗೆಲ್ಲ ಒಂದು ಪೆಟ್ಟಿಗಿ ಕೂಡಿಸಿದ್ರು. ಡ್ರೈವರ್ ಎಷ್ಟು ತಾಸು ಓಡಿಸಿದ, ಎಷ್ಟು ತಾಸು ವಿಶ್ರಾಂತಿ ತಗೊಂಡ ಅನ್ನೋದನ್ನ ಅದೇ ಬರಕೊಂಡು ಆಫೀಸಿಗೆ ಕಳಸತೈತಿ. ಇಂಜಿನ್ ಚಾಲೂ ಇದ್ರ ಓಡಿಸಿದಂಗ, ಬಂದ್ ಇದ್ರ ವಿಶ್ರಾಂತಿ, ಅಷ್ಟೇ ಅದಕ್ಕ ಗೊತ್ತು. ದಿನಕ್ಕ ಎಂಟು ತಾಸು ಮೀರಂಗಿಲ್ಲ. ಇದಕ್ಕ ನಗಬೇಕಂದ್ರೂ ಮೈಯಾಗ ಶಕ್ತಿ ಬೇಕು. ನನಗ ನಗು ಬರೋದು ಮನಿಗೆ ಹೋಗಿ ಕುಂತ ಮ್ಯಾಲೇ.

ಉಟ್ಕೂರಿನ ವಿಶ್ರಾಂತಿ

ಉಟ್ಕೂರ್ ದಾಟಿದ ಮ್ಯಾಲ ಹಿಂದಿನ ಗಾಲಿ ಪಂಕ್ಚರ್ ಆತು. ಮಟಮಟ ಮಧ್ಯಾಹ್ನ, ಗಿಡ ಅನ್ನೋದು ಒಂದಿಲ್ಲ. ಜಾಕ್ ಹಚ್ಚಿದೆ, ಜಾರಿತು. ಮತ್ತ ಹಚ್ಚಿದೆ. ತುಕ್ಕು ಹಿಡಿದ ನಟ್ಟು ಬಿಚ್ಚಾಕ ಸ್ಪ್ಯಾನರಿನ ಮ್ಯಾಲ ಹತ್ತಿ ಕುಣಿದೆ. ಮೂರು ತಾಸು ಹಿಡೀತು.

ಮರುದಿನ ಮಾಲಕರು ಮೊಬೈಲ್ ತೋರಿಸಿದ್ರು. "ಏನಪಾ, ಮೂರು ತಾಸು ವಿಶ್ರಾಂತಿ ಅಂತ ಬಂದೈತಲ್ಲ?"

"ಸಾವ್ಕಾರ್ರೆ, ಗಾಡಿ ಕೆಳಗ ಬಿದ್ದಿದ್ದೆನ್ರಿ."

"ನೆರಳಿನ್ಯಾಗ ಇದ್ದಿ ಅನ್ನು. ಅಷ್ಟು ಮಲಗಿದವ ಇವತ್ತ್ಯಾಕ ಆಕಳಸ್ತೀ?"

ಗೋದಾಮಿನ ಸಾಲು

ಮಕ್ತಲ್ ಗೋದಾಮಿನ ಮುಂದ ಲಾರಿ ಸಾಲು. ಹಿಂದಿನ ದಿನವೇ ಬಂದು ಬಾಲ ಹಿಡಿದಿದ್ದೆ. ಮುಂಜಾನೆ ಎಂಟಕ್ಕ ನೋಡಿದ್ರ ಬ್ಯಾಟರಿ ಸತ್ತೈತಿ. ಪಕ್ಕದ ಗಾಡಿಯಿಂದ ವಾಯರ್ ಎಳದು ಚಾಲೂ ಮಾಡಿದೆ. ಬಂದ್ ಮಾಡಿದ್ರ ಮತ್ತ ಹೊತ್ತಂಗಿಲ್ಲ ಅಂತ ದಿನವೆಲ್ಲ ಇಂಜಿನ್ ಹಂಗೇ ಬಿಟ್ಟು, ಅರ್ಧ ತಾಸಿಗೊಮ್ಮೆ ಒಂದು ಲಾರಿ ಉದ್ದ ಮುಂದ ಸರಕೋತ ಹೋದೆ. ನಾಕು ಗಂಟೆಗೆ ಗೇಟಿಗೆ ಬಂದೆ. ಅದೇ ಹೊತ್ತಿಗೆ ಪೆಟ್ಟಿಗಿ ಕಿರಚಿತು, ಎಂಟು ತಾಸು ಮುಗೀತು ಅಂತ.

"ಒಳಗ ತಗೋಳ್ರಿ," ಅಂದ ತೂಕದ ಕಾಟಾದವ.

"ಆಗಂಗಿಲ್ರಿ. ಇವತ್ತು ಇನ್ನ ಓಡಿಸಬಾರದಂತ."

"ಅಷ್ಟು ದೂರ ಎಲ್ಲಿಂದ ಬಂದ್ರಿ?"

"ಅಗೋ, ಆ ಚಾ ಅಂಗಡಿಯಿಂದ."

ಯಂತ್ರದ ಹುಡುಗಿ

ತಾಸು ಮುಗಿದ್ರ ಮಾಲಕರಿಗೆ ಫೋನ್ ಬರ್ತಿತ್ತು. ಯಂತ್ರದೊಳಗಿನ ಹೆಣ್ಣು ದನಿ ತೆಲುಗಿನ್ಯಾಗ, "ಮೀ ಡ್ರೈವರ್ ಅಲಸಿಪೋಯಾರು," ನಿಮ್ಮ ಡ್ರೈವರ್ ದಣಿದಾರ, ಅಂತಿತ್ತು. ಮಾಲಕರು ಬ್ಯಾಸತ್ತು ಆಫೀಸಿಗೆ ತಮ್ಮ ತಾಯಿ ನಂಬರ್ ಕೊಟ್ಟುಬಿಟ್ರು. ಆಯಿಗೆ ಎಂಬತ್ತರ ಹತ್ರ ವಯಸ್ಸು. ಆಕಿಗೆ ಅದು ಯಂತ್ರ ಅಂತ ಗೊತ್ತಿಲ್ಲ.

ಒಂದು ದಿನ ನನಗ ಆಯಿ ಫೋನ್ ಬಂತು. "ತಮ್ಮಾ, ಭಾಳ ದಣಿದೀಯಂತ? ಯಾವುದೋ ಹುಡುಗಿ ಹೇಳಿದ್ಲು. ಗಾಡಿ ನಿಂದರಿಸಿ ಮಜ್ಜಿಗಿ ಕುಡಿ."

ಲಾರಿ ಬದಿಗೆ ಹಚ್ಚಿದೆ. ಇಷ್ಟು ವರ್ಷದಾಗ ನನ್ನ ಯಾರೂ ಹಂಗ ಕೇಳಿರಲಿಲ್ಲ. ಕಣ್ಣಾಗ ನೀರು ಬಂತು, ಸುಳ್ಳ್ಯಾಕ ಹೇಳ್ಲಿ.

ಮುಂದಿನ ವಾರ ಕೀಲಿಕೈ ಕೊಡಾಕ ಅವರ ಮನಿಗೆ ಹೋದ್ರ, ಆಯಿ ಕಟ್ಟಿ ಮ್ಯಾಲ ಕುಂತು ಫೋನಿನ್ಯಾಗ ಜೋರು ಮಾತಾಡಾಕ ಹತ್ತಿದ್ಲು. "ಆತ ದಣಿದ, ಆತ ದಣಿದ ಅಂತ ದಿನಾ ಹೇಳ್ತಿ. ನಿನಗ ಒಂದು ದಿನಾನೂ ಸೂಟಿ ಕೊಡಂಗಿಲ್ಲೇನವ್ವಾ?" ಫೋನ್ ಇಟ್ಟು ನನ್ನ ಕಡೆ ತಿರುಗಿ ಅಂದ್ಲು: "ಪಾಪ, ಹುಡುಗಿಗೆ ತಲಿ ಕೆಟ್ಟೈತಿ. ಹೇಳಿದ್ದೇ ಹೇಳ್ತಾಳ."

ಸಾಹೇಬ್ರ ಭಾಷಣ

ವಿಶ್ರಾಂತಿ ನಿಯಮ ತಿಳಿಸಾಕ ಗದ್ವಾಲಿಗೆ ಒಬ್ಬ ದೊಡ್ಡ ಸಾಹೇಬ್ರು ಬಂದ್ರು. ಡ್ರೈವರ್‌ಗಳೆಲ್ಲ ಹಾಜರಾಗಬೇಕು, ಇಲ್ಲಂದ್ರ ಲೈಸೆನ್ಸಿಗೆ ತೊಂದ್ರೆ. ಹೋದ್ವಿ. ಸಭೆಯ ಹಾಲ್‌ದಾಗ ಫ್ಯಾನು, ಮೆತ್ತನ ಕುರ್ಚಿ. ಅರ್ಧ ತಾಸಿನ್ಯಾಗ ಎಲ್ಲಾರ ತಲಿ ಎದಿ ಮ್ಯಾಲ.

ಸಾಹೇಬ್ರು ಮೇಜು ಕುಟ್ಟಿದ್ರು. "ನಿದ್ದಿಗೆಟ್ಟು ಗಾಡಿ ಓಡಿಸಬ್ಯಾಡ್ರಿ ಅಂತ ಹೇಳಾಕ ಬಂದ್ರ, ಮಲಗೀರಲ್ರೀ!"

ಹಿಂದಿಂದ ಒಬ್ಬ, "ನೀವು ಹೇಳಿದ್ದನ್ನೇ ಮಾಡಾಕ ಹತ್ತೀವ್ರಿ," ಅಂದ.

ಭಾಷಣ ಮುಗಿಸಿ ಹೊರಗ ಬಂದ್ರ ಅವರ ಡ್ರೈವರ್ ಜೀಪಿನ್ಯಾಗ ಗೊರಕಿ ಹೊಡೀತಿದ್ದ. ಅಲುಗಾಡಿಸಿದ್ರು, ನೀರು ಚಿಮುಕಿಸಿದ್ರು, ಏಳಲಿಲ್ಲ. "ಎರಡು ದಿನದಿಂದ ಸ್ಟೇರಿಂಗ್ ಬಿಟ್ಟಿಲ್ರಿ," ಅಂದ ಜವಾನ. ಮೂರು ಗಂಟೆಗೆ ನಾರಾಯಣಪೇಟೆಯಾಗ ಸಾಹೇಬ್ರದು ಇದೇ ಭಾಷಣ ಇತ್ತು. ಸುತ್ತ ನೋಡಿದ್ರು. ನಾನು ಕಣ್ಣಿಗೆ ಬಿದ್ದೆ.

"ನೀ ಓಡಸ್ತೀಯೇನು?"

"ಹೂಂ ರೀ. ನಿಮ್ಮ ದಯದಿಂದ ಈಗಷ್ಟೇ ನಿದ್ದಿ ಆಗೈತಿ."

ಡ್ರೈವರ್‌ನ ಹಿಂದಿನ ಸೀಟಿಗೆ ಎತ್ತಿ ಹಾಕಿದ್ವಿ. ಸಾಹೇಬ್ರು ನನ್ನ ಪಕ್ಕ ಕುಂತ್ರು. ಜುರಾಲ ಡ್ಯಾಮ್ ದಾಟೋತನ ನಿಯಮ ಹೇಳಿದ್ರು. ಮಕ್ತಲ್ ಬರೋದ್ರಾಗ ಅವರ ತಲಿನೂ ನನ್ನ ಭುಜದ ಮ್ಯಾಲ. ಅಲುಗಾಡಿದ್ರ ಎದ್ದಾರು ಅಂತ ಗೇರ್ ಬದಲಿಸಾಕೂ ಹೆದರಿ ಹೆದರಿ ನಾರಾಯಣಪೇಟೆ ಮುಟ್ಟಿಸಿದೆ. ಭುಜ ಮೆಲ್ಲಗ ಸರಿಸಿ, ಅವರ ತಲಿಗೆ ನನ್ನ ಟವಲ್ ಮಡಚಿ ಕೊಟ್ಟು ಇಳಿದೆ. ಎಬ್ಬಸಾಕ ನನಗ ಮನಸಾಗಲಿಲ್ಲ.

ಅಲ್ಲಿನ ಹಾಲ್‌ದಾಗ ಆ ಕಡೆಯ ಡ್ರೈವರ್‌ಗಳು ತಾಸಿನಿಂದ ಕಾಯಾಕ ಹತ್ತಿದ್ರು. "ಸಾಹೇಬ್ರು ಎಲ್ಲಿ? ವಿಶ್ರಾಂತಿ ಹ್ಯಾಂಗ ತಗೋಬೇಕಂತ ಹೇಳ್ತಾರಂತಲ್ಲ?"

"ಇವತ್ತು ಹೇಳಂಗಿಲ್ರಪಾ," ಅಂದೆ. "ಮಾಡೇ ತೋರಸಾಕ ಹತ್ಯಾರ. ಸದ್ದು ಮಾಡದಂಗ ಒಬ್ಬೊಬ್ಬರೇ ಬಂದು ನೋಡ್ರಿ."