ಇದ್ದಿಲು ಉರಿಸಬಾರದು

ಕಟ್ಟಡದೊಳಗೆ ಇದ್ದಿಲು ಉರಿಸಬಾರದು. ದುಬೈಯ ಹಳೇ ಪೇಟೆಯಲ್ಲಿ ನಾನು ಮೇಲ್ವಿಚಾರಕನಾಗಿದ್ದ ಕಟ್ಟಡಕ್ಕೆ ನಾನೇ ಹಾಕಿದ ನಿಯಮ ಇದು. ಕೆಳಗಿನ ಅಂಗಡಿಗಳೆಲ್ಲ ಇಥಿಯೋಪಿಯಾದವರದ್ದು. ಕೆಂಡದ ಮೇಲೆ ಕುದಿಯದ ಕಾಫಿ ಅವರಿಗೆ ಕಾಫಿಯೇ ಅಲ್ಲ. ಹಾಗಾಗಿ ಅಂದು ನನಗೆ ನಗು ಬಾರದ, ಇಂದು ನಮ್ಮೂರು ಕಾರಡ್ಕದಲ್ಲಿ ಹೇಳಿದರೆ ಎಲ್ಲರೂ ನಗುವ ಸಂಗತಿಗಳು ವಾರಕ್ಕೆರಡಾದರೂ ನಡೆಯುತ್ತಿದ್ದವು.

೧. ಹೇರ್ ಡ್ರೈಯರ್

ಬ್ಯೂಟಿ ಪಾರ್ಲರಿನ ಬಾಗಿಲಲ್ಲಿ ಹೊಗೆ. ಒಳಗೆ ಹೋದರೆ, ಜಡೆ ಹೆಣೆಸಿಕೊಳ್ಳುತ್ತಿದ್ದ ಗಿರಾಕಿಯ ಕಾಲಬುಡದಲ್ಲೇ ಕೆಂಡದ ಒಲೆ, ಅದರ ಮೇಲೆ ಮಣ್ಣಿನ ಹೂಜಿ.

“ಇದೆಂತ?” ಎಂದು ಗದರಿಸಿದೆ.

“ಹೇರ್ ಡ್ರೈಯರ್, ಸರ್,” ಎಂದಳು ಪಾರ್ಲರಿನವಳು.

“ಹೂಜಿಯಲ್ಲಿ?”

“ಹೇರ್ ಡೈ.”

ಗಿರಾಕಿ ಆ ಹೇರ್ ಡೈಗೆ ಎರಡು ಚಮಚ ಸಕ್ಕರೆ ಹಾಕಿ ಕುಡಿದಳು.

೨. ಮೂರನೆಯ ಕಪ್ಪು

ವಿಮಾನದ ಟಿಕೆಟ್ ಅಂಗಡಿಯ ಕೆಂಡ ನಂದಿಸಿ ಬಾ ಎಂದು ನಮ್ಮ ಕಡೆಯ ಕುಂಜತ್ತೂರಿನವನಾದ ನನ್ನ ಸಹಾಯಕನನ್ನು ಕಳುಹಿಸಿದೆ. ಬಂದದ್ದು ಒಂದೂವರೆ ಗಂಟೆಯ ನಂತರ.

“ಎಲ್ಲಿ ಸತ್ತಿದ್ದೆ?”

“ಅವರಲ್ಲಿ ಮೂರು ಕಪ್ಪು ಕುಡಿಯದೆ ಏಳ್ಲಿಕ್ಕೆ ಇಲ್ಲವಂತೆ ಸರ್. ಮೂರನೆಯದ್ದು ಆಶೀರ್ವಾದ. ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ?”

“ಕೆಂಡ ನಂದಿಸಿದೆಯಾ?”

“ಹೇಗೆ ನಂದಿಸುವುದು? ಎರಡನೆಯ ಕಪ್ಪಿಗೆ ಬೆಂಕಿ ಸಾಲದೆ ನಾನೇ ಊದಬೇಕಾಯ್ತು!”

೩. ಯಜಮಾನರ ಕಾಫಿ

ಊಟದ ಹೋಟೆಲಿನಾಕೆಯ ಬಾಡಿಗೆ ಕರಾರು ಮುಗಿದಿತ್ತು. ಕೆಂಡ ಕಂಡರೆ ನವೀಕರಣ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದೆ. ಅವಳ ಊರಲ್ಲಿ ಮೂರು ಮಕ್ಕಳು ಆ ಹೋಟೆಲನ್ನೇ ನಂಬಿದ್ದರು. ಅವಳು ಹೆದರಿ ಕರೆಂಟ್ ಒಲೆ ತಂದಳು.

ಸಹಿ ಹಾಕಲು ಕಟ್ಟಡದ ಯಜಮಾನರೇ ಬಂದರು. ವಯಸ್ಸಾದ ಅರಬ್ಬರು. ಕುಳಿತವರೇ, “ಕಾಫಿ ಎಲ್ಲಿ?” ಎಂದರು. ಅವಳು ಕರೆಂಟ್ ಒಲೆಯ ಗುಂಡಿ ತಿರುಗಿಸಿದಳು.

“ಅದು ಬೇಡ. ಕೆಂಡದ್ದು ಬೇಕು.”

ಅವಳು ನನ್ನತ್ತ ನೋಡಿದಳು. ನಾನು ಫ್ಯಾನು ನೋಡಿದೆ. ಕೊನೆಗೆ ನಾನೇ, “ಇವತ್ತೊಂದು ದಿನ ಹಚ್ಚಮ್ಮ,” ಎಂದೆ. ನಾಚಿಕೆಯಾಯಿತು, ಆದರೂ ಎಂದೆ. ಅಷ್ಟರಲ್ಲಿ ಸಹಾಯಕ ಪಾರ್ಲರಿಗೆ ಓಡಿ ಒಂದು ಒಲೆ ನಿಗಿನಿಗಿ ಕೆಂಡವನ್ನೇ ಹೊತ್ತು ತಂದ.

ಇದು ತನ್ನನ್ನು ಸಿಕ್ಕಿಸಲಿಕ್ಕೆ ಮೂವರೂ ಸೇರಿ ಹೂಡಿದ ಪರೀಕ್ಷೆ ಎಂದೇ ಅವಳು ತಿಳಿದಳು. ದೊಡ್ಡವರನ್ನು ‘ಮಾರಾಯ’ ಎಂದು ಕರೆಯಬೇಕೆಂದು ನಮ್ಮ ಸಹಾಯಕ ಅವಳಿಗೆ ಯಾವಾಗಲೋ ಕಲಿಸಿದ್ದನಂತೆ. ಯಜಮಾನರಿಗೆ ತಲೆಬಾಗಿ, ಬಹಳ ಭಕ್ತಿಯಿಂದ, “ನೋ ಫಯರ್, ಮಾರಾಯ!” ಎಂದಳು.

ಮತ್ತೆ ಕೆಂಡದ ಮೇಲೆ ಒಂದು ಚೆಂಬು ನೀರು ಸುರಿದು, ಟೀ ಬ್ಯಾಗ್ ಅದ್ದಿದ ಕಪ್ಪನ್ನು ಕರಾರಿನ ಪಕ್ಕದಲ್ಲಿಟ್ಟು, ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟಳು.