ತಿವಾರಿಜಿಯನ್ನು ಅಳಿಸಿದ ದಿನ

ರಾಜ್ಯೋತ್ಸವದ ಬೆಳಗ್ಗೆ ನಾನೊಂದು ಶಪಥ ಮಾಡಿದೆ. ಅದೂ ಕಾಶಿಯಲ್ಲಿ ಕುಳಿತು ಮಾಡಿದ ಶಪಥ, ಸುಳ್ಳಾಗುವುದುಂಟೇ! ಸೂರ್ಯ ಮುಳುಗುವುದರೊಳಗೆ ನಮ್ಮ ಮನೆಯ ಕಂಪ್ಯೂಟರನ್ನು ಅಪ್ಪಟ ಕನ್ನಡಿಗನನ್ನಾಗಿ ಮಾಡುತ್ತೇನೆ!

ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಎತ್ತಿ ವಾರಾಣಸಿಗೆ ಹಾಕಿದ ಹೊಸತರಲ್ಲಿ ಇಲ್ಲಿನ ಲಂಕಾ ಬಡಾವಣೆಯ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡಿದ್ದೆ. ಅದರ ಹಿಂದಿನ ಧಣಿ ಯಾರೋ ತಿವಾರಿಜಿ. ಅದರಲ್ಲಿ ಅವರು ತೆರೆದಿದ್ದ ಖಾತೆಯಲ್ಲೇ ನಾವು ಇಷ್ಟು ವರ್ಷ ಬಾಡಿಗೆದಾರರಂತೆ ಬದುಕಿದ್ದೆವು. ಕರೆಂಟ್ ಬಿಲ್ಲು ಕಟ್ಟುವವನು ನಾನು, ಧೂಳು ಒರೆಸುವವಳು ನನ್ನ ಹೆಂಡತಿ ರತ್ನಾ, ಗುಂಡಿ ಒತ್ತಿದರೆ ಸ್ವಾಗತ ಮಾತ್ರ ತಿವಾರಿಜಿಗೆ! ಸ್ವಾಭಿಮಾನ ಇರುವ ಯಾವ ಕನ್ನಡಿಗ ಇದನ್ನು ಸಹಿಸುತ್ತಾನೆ?

ಅಂದು ಸಂಜೆಯೇ ಇಲ್ಲಿನ ಕನ್ನಡ ಸಂಘದಲ್ಲಿ ಮಕ್ಕಳ ನಾಟಕ. ರತ್ನಾ ಅದರ ನಿರ್ದೇಶಕಿ. ನಾಟಕಕ್ಕೆ ಎಲ್ಲ ಇತ್ತು, ಕನ್ನಡ ಒಂದು ಬಿಟ್ಟು! ಇಲ್ಲಿ ಬೆಳೆದ ಮಕ್ಕಳಿಗೆ ಬಾಯಿ ಬಿಟ್ಟರೆ ಹಿಂದಿ. ನಮ್ಮ ಮಗಳು ಅಪೂರ್ವಾಳಂತೂ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಅವಳಿಂದ 'ಬಾಳೆಹಣ್ಣು' ಅನ್ನಿಸಲು ಹೋಗಿ ಸೋತು, ನಾನೇ ಹಣ್ಣು ಸುಲಿದು ತಿಂದಿದ್ದೇನೆ.

ಅದಕ್ಕೇ ಸಂಘದ ಅಧ್ಯಕ್ಷರಾದ ನಿವೃತ್ತ ಪ್ರೊಫೆಸರ್ ಅನ್ನದಾನಯ್ಯನವರು ಒಂದು ಉಪಾಯ ಹೇಳಿದ್ದರು. ಮಾತುಗಳನ್ನು ದೊಡ್ಡವರು ಮೊದಲೇ ರೆಕಾರ್ಡ್ ಮಾಡಿಡುವುದು, ವೇದಿಕೆಯಲ್ಲಿ ಮಕ್ಕಳು ಬರೀ ತುಟಿ ಆಡಿಸುವುದು. ಮಹಾರಾಜನ ಕಂಠ ನನ್ನದು, ತುಟಿ ಡಾಕ್ಟರ್ ವೀರಯ್ಯನವರ ಮಗ ಈಶನದು. ಮಹಾರಾಣಿಯ ಕಂಠ ರತ್ನಾಳದು, ತುಟಿ ಅಪೂರ್ವಾಳದು. ನಮ್ಮ ಮಲಗುವ ಕೋಣೆಯಲ್ಲೇ ರೆಕಾರ್ಡಿಂಗ್ ಆಯಿತು. ಆಮೇಲೆ ರತ್ನಾ ವಾರಗಟ್ಟಲೆ ಕುಳಿತು ಬೇಡದ್ದನ್ನೆಲ್ಲ ಕತ್ತರಿಸಿ, ಅಕ್ಕಿ ಆರಿಸಿದ ಹಾಗೆ ಆರಿಸಿ, ಒಂದು ಫೈಲ್ ಮಾಡಿಟ್ಟಿದ್ದಳು. ಇಡೀ ನಾಟಕದ ಪ್ರಾಣ ಆ ಫೈಲಿನಲ್ಲಿ!

ಮಕ್ಕಳಿಗೆ ಬಣ್ಣ ಹಚ್ಚಲು ಬೆಳಗ್ಗೆಯೇ ಹೊರಟ ರತ್ನಾ ಬಾಗಿಲಲ್ಲಿ ನಿಂತು ಹೇಳಿದಳು:

"ಬರೂಮುಂದ ನಾಟಕದ ಫೈಲ್ ಪೆನ್ ಡ್ರೈವಿಗೆ ಹಾಕ್ಕೊಂಡ ಬರ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ."

"ನಾನೇನು ಸಣ್ಣ ಹುಡುಗ ಏನ?"

"ಸಣ್ಣ ಹುಡುಗ್ರಿಗೆ ಹೇಳಿದ್ರ ತಿಳೀತೈತ್ರಿ."

ಅವಳು ಅತ್ತ ಹೋದದ್ದೇ ತಡ, ನಾನು ಇತ್ತ ಕಾರ್ಯಾಚರಣೆ ಶುರು ಮಾಡಿದೆ. 'ಶ್ರೀಕಾಂತ' ಎಂಬ ಹೊಸ ಖಾತೆ ತೆರೆದೆ, ಅದೂ ಕನ್ನಡ ಲಿಪಿಯಲ್ಲಿ! ಅದರೊಳಗೆ ಪ್ರವೇಶಿಸಿ, ತಿವಾರಿಜಿಯ ಖಾತೆಯನ್ನು ತೆಗೆದುಹಾಕಲು ಆಜ್ಞಾಪಿಸಿದೆ. ಕಂಪ್ಯೂಟರ್ ವಿನಯದಿಂದ ಕೇಳಿತು: ಈ ಖಾತೆಯ ಫೈಲುಗಳನ್ನು ಉಳಿಸಲೋ, ಅಳಿಸಲೋ?

ತಿವಾರಿಯ ಫೈಲು ಕಟ್ಟಿಕೊಂಡು ನನಗೇನಾಗಬೇಕು? ಅಳಿಸು!

ಅಳಿಸಿತು. ಎದೆಯುಬ್ಬಿಸಿ ನಾಟಕದ ಫೈಲ್ ಹುಡುಕಿದೆ. ಇಲ್ಲ! ಫೋಟೋಗಳು? ಇಲ್ಲ! ನನ್ನ ಟ್ಯಾಕ್ಸಿನ ಕಾಗದ? ಇಲ್ಲ! ಪರದೆಯ ಮೇಲೆ ಯಾವುದೋ ದೇಶದ ಬೆಟ್ಟದ ಚಿತ್ರ, ಒಂದು ಕಸದ ಬುಟ್ಟಿ. ಬುಟ್ಟಿಯೂ ಖಾಲಿ! ಆಗ ಹೊಳೆಯಿತು. ಇಷ್ಟು ವರ್ಷ ನಮ್ಮದೆಲ್ಲವನ್ನೂ ನಾವು ಇಟ್ಟದ್ದು ತಿವಾರಿಜಿಯ ಮನೆಯೊಳಗೆ, ಮತ್ತು ನಾನು ಮನೆಯನ್ನೇ ಕೆಡವಿದ್ದೆ. ಹೆಣ ಸುಡುವ ಮಣಿಕರ್ಣಿಕಾ ಘಾಟ್ ನಮ್ಮ ಮನೆಗೆ ಇಷ್ಟು ಹತ್ತಿರ ಎಂದು ಅಲ್ಲಿಯವರೆಗೆ ಅನಿಸಿರಲಿಲ್ಲ.

ಮೊಬೈಲಿನಲ್ಲಿ ವಿಡಿಯೋ ನೋಡಿ, ಅಳಿಸಿದ ಫೈಲುಗಳನ್ನು ಮರಳಿ ತರುವ ಸಾಫ್ಟ್‌ವೇರ್ ಒಂದನ್ನು ಇಳಿಸಿದೆ. ಅದು ಆಮೆಯ ನಡಿಗೆಯಲ್ಲಿ ಹುಡುಕತೊಡಗಿದಾಗಲೇ ಫೋನು!

"ಫೈಲ್ ಹಾಕ್ಕೊಂಡ್ರೇನು?"

"ಹಾ... ಹಾಕ್ಕೊಳ್ಳಾಕತ್ತೀನಿ!"

"ಧ್ವನಿ ಯಾಕ ನಡಗಾಕತ್ತೈತಿ?"

"ಥಂಡಿ!"

"ಈ ಬಿಸಲಾಗ?"

"ಗಂಗಾ ಗಾಳಿ!" ಎಂದು ಫೋನ್ ಇಟ್ಟೆ.

ಕೊನೆಗೂ ಫೈಲುಗಳು ಒಂದೊಂದಾಗಿ ಎದ್ದು ಬಂದವು. ಆದರೆ ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು! ಒಂದನ್ನು ತೆರೆದೆ: ತಿವಾರಿಜಿಯ ಮದುವೆ. ಇನ್ನೊಂದು: ತಿವಾರಿಜಿಯ ಮಗನ ಮುಂಡನ. ಮತ್ತೊಂದು: ತಿವಾರಿಜಿಯ ಅತ್ತೆ ಉಪ್ಪಿನಕಾಯಿ ಹಾಕುತ್ತಿರುವುದು! ನಾನು ಹೊರಗೆ ದಬ್ಬಿದ ಮನುಷ್ಯ ಸಕುಟುಂಬ ಸಪರಿವಾರ ಸಮೇತ ವಾಪಸು ಬಂದಿದ್ದ!

ಹುಡುಕಿ ಹುಡುಕಿ ಕಣ್ಣು ಕತ್ತಲಿಟ್ಟಾಗ ಒಂದು ಫೈಲಿನಿಂದ ನನ್ನದೇ ಗಂಭೀರ ಕಂಠ ಮೊಳಗಿತು: "ಯಾರಲ್ಲಿ! ಮಹಾರಾಣಿಯವರನ್ನು ಕರೆತನ್ನಿ!"

ಸಿಕ್ಕಿತು! ಕಣ್ಣಲ್ಲಿ ನೀರು ಬಂತು. ಮುಂದೆ ಕೇಳಲು ಹೊತ್ತೆಲ್ಲಿ? ಪೆನ್ ಡ್ರೈವಿಗೆ ಹಾಕಿ, ಟೋಟೋ ರಿಕ್ಷಾ ಹಿಡಿದು ಸಭಾಂಗಣಕ್ಕೆ ಹಾರಿದೆ. ಅನ್ನದಾನಯ್ಯನವರ ಭಾಷಣ ಇನ್ನೂ ಮುಗಿದಿರಲಿಲ್ಲ, ಬದುಕಿದೆ. ಪೆನ್ ಡ್ರೈವನ್ನು ನಾನೇ ಧ್ವನಿವರ್ಧಕದ ಪೆಟ್ಟಿಗೆಗೆ ಸಿಕ್ಕಿಸಿ, ವಿಜಯಶಾಲಿಯಂತೆ ಅದರ ಪಕ್ಕದಲ್ಲೇ ನಿಂತೆ.

ಪರದೆ ಸರಿಯಿತು. ಈಶ ಮೀಸೆ ತಿರುವಿ ತುಟಿ ಆಡಿಸಿದ. "ಯಾರಲ್ಲಿ! ಮಹಾರಾಣಿಯವರನ್ನು ಕರೆತನ್ನಿ! ನಾವು ಯುದ್ಧಕ್ಕೆ ಹೊರಟಿದ್ದೇವೆ!" ಚಪ್ಪಾಳೆ! ಅಪೂರ್ವಾ ಸೆರಗು ಸರಿಪಡಿಸಿಕೊಂಡು ಬಂದಳು. "ಪ್ರಾಣನಾಥಾ, ಜಯಶಾಲಿಯಾಗಿ ಹಿಂದಿರುಗಿ..." ಮತ್ತೆ ಚಪ್ಪಾಳೆ!

"...ರೀ, ಕಿಡಕಿ ಹಾಕ್ರಿ, ಹಾರನ್ ಸಪ್ಪಳ ಬರಾಕತ್ತೈತಿ!" ಎಂದಳು ಮಹಾರಾಣಿ.

ಇದು ರತ್ನಾ ಆರಿಸಿಟ್ಟ ಫೈಲಲ್ಲ! ನಡುನಡುವೆ ನಾವು ಆಡಿದ ಜಗಳವೆಲ್ಲ ಸೇರಿದ್ದ ಮೊದಲಿನ ರೆಕಾರ್ಡಿಂಗು!

"ನೀನ ಹಾಕು, ನಾ ಯುದ್ಧಕ್ಕ ಹೊಂಟೀನಿ," ಎಂದ ಮಹಾರಾಜ.

"ಯುದ್ಧಕ್ಕ ಹೊಂಟೋರು ಹಾಲು ತಂದೀರೇನು?"

"ಮರತೆ."

ಕಂಠ ಕೇಳಿದರೆ ತುಟಿ ಆಡಿಸಬೇಕೆಂದಷ್ಟೇ ಮಕ್ಕಳಿಗೆ ಹೇಳಿಕೊಟ್ಟಿದ್ದು, ನಿಲ್ಲಿಸುತ್ತಾರೆಯೇ! ಅಮ್ಮನ ಕಂಠ ಬಂದರೆ ಅಪೂರ್ವಾಳ ತುಟಿ, ನನ್ನ ಕಂಠ ಬಂದರೆ ಈಶನ ತುಟಿ. ಒಂದಕ್ಷರ ತಪ್ಪದೆ ಆಡಿಸುತ್ತಿದ್ದರು.

"ಲಗು ಮುಗಸೂಣು," ಎಂದ ಮಹಾರಾಜ, ಖಡ್ಗ ಎತ್ತಿ. "ಆ ಅನ್ನದಾನಯ್ಯನೋರ ಭಾಷಣ ಮುಗಿಯೂದ್ರಾಗ ಹುಡುಗ್ರ ಮೀಸಿ ಉದರತಾವ!"

ಮೊದಲ ಸಾಲಿನಲ್ಲಿ ಅನ್ನದಾನಯ್ಯನವರು ನೆಟ್ಟಗೆ ಕುಳಿತರು. ಯಾವ ಗುಂಡಿ ಒತ್ತಿದರೆ ನಿಲ್ಲುತ್ತದೆಂದು ನನಗೆ ತಿಳಿಯಲಿಲ್ಲ.

"ನಮ್ಮವ್ವ ನಮ್ಮಪ್ಪಗ ಒಂದಿನಾನೂ ಹಿಂಗ ಅಂದಾಕಿ ಅಲ್ಲ!" ಎಂದು ಮಹಾರಾಜ ಗರ್ಜಿಸುವಷ್ಟರಲ್ಲಿ ನಾನು ವಯರನ್ನೇ ಕಿತ್ತೆ.

ಪರದೆಯ ಪಕ್ಕದಿಂದ ರತ್ನಾ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸುವ ಧೈರ್ಯ ನನಗಿಲ್ಲ. ಅವಳ ಇಷ್ಟು ದಿನದ ದುಡಿಮೆ ನನ್ನ ಕೈಯಲ್ಲಿ ವಯರಾಗಿ ನೇತಾಡುತ್ತಿತ್ತು. ನಿಜಕ್ಕೂ ಅಳು ಬಂತು.

ಆಗ ವೇದಿಕೆಯ ಮೇಲೆ ನಮ್ಮ ಅಪೂರ್ವಾ, ಬಾಳೆಹಣ್ಣು ಎನ್ನಲು ಬಾರದ ಅಪೂರ್ವಾ, ಸೊಂಟದ ಮೇಲೆ ಕೈಯಿಟ್ಟು ಸ್ವಂತ ಕಂಠದಲ್ಲಿ ಗುಡುಗಿದಳು:

"ನಿಮ್ಮವ್ವನ ಸುದ್ದಿ ನಾ ಎತ್ತಿಲ್ಲ, ನೀವ ಎತ್ತಿದ್ರಿ! ಹಾಲು ತರಾಕ ಹೋದೋರು ಪಾನ್ ಅಂಗಡ್ಯಾಗ ನಿಂತು ಹರಟಿ ಹೊಡದು ಖಾಲಿ ಕೈಲೆ ಬಂದ್ರಿ! ಯಾಕ? ಹೇಳ್ರಿ! ಬಾಯಾಗ ಏನ್ ಕಡಬು ಇಟ್ಕೊಂಡೀರೇನು? ಹೇಳ್ರಿ!"

ಎಂಥ ಕನ್ನಡ! ಎಂಥ 'ಳ'ಕಾರ! ಧಾರವಾಡದ ಸಂತೆಯಲ್ಲೂ ಅಷ್ಟು ಸ್ವಚ್ಛ ಸಿಗಲಿಕ್ಕಿಲ್ಲ. ಈಶ ಬೆದರಿ ಖಡ್ಗ ಕೆಳಗಿಟ್ಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅನ್ನದಾನಯ್ಯನವರು ಮೀಸೆಯ ಮಾತನ್ನೂ ಮರೆತು, ಕಣ್ಣೊರೆಸಿಕೊಳ್ಳುತ್ತ ವೇದಿಕೆ ಹತ್ತಿದರು. ಮೈಕನ್ನು ಅಪೂರ್ವಾಳ ಮುಂದೆ ಹಿಡಿದು ಕೇಳಿದರು: "ಎಷ್ಟು ಚಂದ ಮಾತಾಡಿದ್ಯವ್ವಾ! ಇಷ್ಟು ಚಲೋ ಪ್ರಾಕ್ಟೀಸು ಯಾರು ಮಾಡಿಸಿದ್ರು?"

ಮಗಳು ನನ್ನ ಕಡೆಗೊಮ್ಮೆ, ರತ್ನಾಳ ಕಡೆಗೊಮ್ಮೆ ನೋಡಿ, ಇಡೀ ಸಂಘಕ್ಕೆ ಕೇಳುವಂತೆ, ಶುದ್ಧ ಕನ್ನಡದಲ್ಲಿ ಹೇಳಿದಳು:

"ಪ್ರಾಕ್ಟೀಸ್ ಯಾರೂ ಮಾಡಿಸಿಲ್ರಿ ಅಜ್ಜಾರ. ನಮ್ಮನ್ಯಾಗ ದಿನಾ ಇದ ನಡೀತೈತಿ."